ಉದ್ದಗಾಲಿನ ಮನೆ

ತಂಗಿ ಕಡಲದಂಡೆಯಲ್ಲಿ ಮನೆ ಕಟ್ಟಿಸಿದ್ದಾಳೆಂದು ಕೇಳಿದ ದಿನದಿಂದಲೇ ಅಕ್ಕನ ಹೊಟ್ಟೆಯೊಳಗೆ ಕಿಚ್ಚು ಸಣ್ಣಗೆ ಹೊಗೆಯಾಡುತ್ತಿತ್ತು. ರಜೆಗೆಂದು ಬಂದು ಕಣ್ಣಾರೆ ನೋಡಿದ ಮೇಲೆ ಅದು ಧಗ್ಗೆಂದು ಹತ್ತಿಕೊಂಡಿತು. ಆಳೆತ್ತರವನ್ನೂ ಮೀರಿದ ಕಾಂಕ್ರೀಟ್ ಕಂಬಗಳು, ಅವುಗಳ ಮೇಲೆ ಮನೆ. ಯಾವ ಕಿಟಕಿ ತೆರೆದರೂ ಸಮುದ್ರ. ಅಕ್ಕನೋ ಇಕ್ಕಟ್ಟು ಬೀದಿಯ ಟೈಲರ್ ಅಂಗಡಿಯಲ್ಲಿ ಎದುರಿನ ಗೋಡೆ ನೋಡುತ್ತಲೇ ಅರ್ಧ ಆಯಸ್ಸು ಸವೆಸಿದವಳು. ತನ್ನ ಹಳೇ ಫ್ರಾಕು ತೊಟ್ಟು ಬೆಳೆದವಳಿಗೆ ಇಷ್ಟೊಂದು ಗಾಳಿ, ಇಷ್ಟೊಂದು ಬೆಳಕು!

ಬಂದ ದಿನವೇ ಹುಳುಕು ಹುಡುಕಲು ಶುರುಮಾಡಿದಳು. ಮೆಟ್ಟಿಲು ಹತ್ತಿ ಮಂಡಿ ಹಿಡಿದುಕೊಂಡಿತೆಂದಳು. ಉಪ್ಪುಗಾಳಿಗೆ ಬೀಗಗಳು ತುಕ್ಕು ಹಿಡಿದು ಹೋಗುತ್ತವೆಂದಳು. ಕೆಳಗೆ ಕಂಬಗಳ ನಡುವೆ ಹಲಗೆಗೋಡೆ ಮಾಡಿ ಸೈಕಲ್ಲು, ಮುರುಕು ಕುರ್ಚಿ ಇಟ್ಟಿದ್ದ ಜಾಗ ಕಂಡಾಗಲಂತೂ ಅವಳಿಗೆ ಜೀವ ಬಂದಂತಾಯಿತು.

"ಇದೇನೇ, ಕೈಯಿಟ್ರೆ ಅಲುಗಾಡುತ್ತೆ? ಮೇಸ್ತ್ರಿ ನಿನಗೆ ಚೆನ್ನಾಗಿ ಟೋಪಿ ಹಾಕಿದಾನೆ."

ತಂಗಿ ಏನೋ ಹೇಳಹೊರಟವಳು ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಮೇಲಕ್ಕೋಡಿದಳು.

ವಾರ ಕಳೆಯುವುದರೊಳಗೆ ಬಿರುಗಾಳಿ ಎದ್ದಿತು. ಮಧ್ಯಾಹ್ನದ ಹೊತ್ತಿಗೆ ಸಮುದ್ರ ರಸ್ತೆ ದಾಟಿ ಬೀದಿಗೆ ನುಗ್ಗಿತು. ತಗ್ಗಿನ ಮನೆಗಳವರು ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ತಂಗಿಯ ಮೆಟ್ಟಿಲು ಹತ್ತಿ ಬಂದರು. ಅಷ್ಟರಲ್ಲಿ ಕೆಳಗೆ ಫಟಾರನೆ ಸದ್ದಾಯಿತು. ಹಲಗೆಗೋಡೆ ಕಿತ್ತುಕೊಂಡು ತೇಲಿಹೋಯಿತು. ಅಕ್ಕನ ಎದೆಯಲ್ಲಿ ಫಕ್ಕನೆ ಮಿಂಚಿದ್ದು ಹೆದರಿಕೆಯಲ್ಲ, ಖುಷಿ.

"ನಾನು ಹೇಳಿರ್ಲಿಲ್ವಾ?" ಎಂದೇಬಿಟ್ಟಳು.

"ಅದು ಹೋಗ್ಲಿ ಅಂತಲೇ ಕಟ್ಟಿಸಿದ್ದು ಅಕ್ಕಾ," ಎಂದಳು ತಂಗಿ ತಣ್ಣಗೆ. "ಗೋಡೆ ಅಡ್ಡ ನಿಂತ್ರೆ ನೀರಿನ ಹೊಡೆತ ಎಲ್ಲಾ ಕಂಬಕ್ಕೆ ಬೀಳುತ್ತೆ. ಈಗ ನೀರು ತನ್ನ ಪಾಡಿಗೆ ಆಚೆ ಹೋಗುತ್ತೆ."

ಮುರಿದದ್ದೂ ತಂಗಿ ಎಣಿಸಿದಂತೆಯೇ. ಅಕ್ಕನ ಮುಖ ಚಿಕ್ಕದಾಯಿತು. ಬಂದವರಿಗೆ ಟವೆಲು ಹಂಚತೊಡಗಿದಳು. ಪಕ್ಕದ ಮನೆಯ ಅಜ್ಜಿಯೊಬ್ಬಳು ಒದ್ದೆ ಕೈಗಳಲ್ಲಿ ಅವಳ ಕೈ ಹಿಡಿದುಕೊಂಡಳು.

"ಮನೆ ಕಟ್ಟಿಸಿದೋರು ನೀವೇನಮ್ಮಾ? ನಿಮ್ಮ ಹೊಟ್ಟೆ ತಣ್ಣಗಿರ್ಲಿ."

ಅಲ್ಲ ಎನ್ನಲು ಅಕ್ಕನಿಗೆ ನಾಲಿಗೆ ಏಳಲಿಲ್ಲ. ಹಿಂದಿರುಗಿ ನೋಡಿದರೆ ಚಹಾದ ತಟ್ಟೆ ಹಿಡಿದು ತಂಗಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ತಟ್ಟೆಯನ್ನು ಅಕ್ಕನ ಕೈಗೇ ಕೊಟ್ಟು ಒಳಗೆ ಹೋದಳು. ಅವಳು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಬೆಳಿಗ್ಗೆ ನೀರಿಳಿದಾಗ ಅಜ್ಜಿ ತನ್ನ ಮಗನಿಗೆ ಇವರೇ ಮನೆಯೊಡತಿ ಎಂದು ಅಕ್ಕನನ್ನು ತೋರಿಸಿದಳು. ಇನ್ನು ಅಕ್ಕನಿಂದ ತಡೆಯಲಾಗಲಿಲ್ಲ.

"ನನ್ನದಲ್ಲ ಅಜ್ಜಿ. ನನ್ನ ತಂಗೀದು. ಅವಳೇ ಮುಂದೆ ನಿಂತು ಕಟ್ಟಿಸಿದ್ದು."

ಹೇಳಿದ ಮೇಲೆ ಮನಸ್ಸು ಹಗುರಾಯಿತೇ ಎಂದರೆ ಇಲ್ಲ. ಅಕ್ಕತಂಗಿಯರು ಸೇರಿ ಕೆಳಗಿನ ಕೆಸರು ಗೋರುವಾಗ ಅವಳ ಕಣ್ಣು ಒಂದು ಬಿರುಕೂ ಇಲ್ಲದ ಕಂಬಗಳ ಮೇಲೇ ಕದ್ದು ಕದ್ದು ಹೋಗುತ್ತಿತ್ತು.

"ಇನ್ನೂ ನಾಲ್ಕು ದಿನ ಇರ್ತೀಯೇನಕ್ಕಾ?" ಎಂದು ಕೇಳಿದಳು ತಂಗಿ.

"ಇರ್ತೀನಿ," ಎಂದಳು ಅಕ್ಕ, ಸಲಿಕೆಯಿಂದ ತಲೆಯೆತ್ತದೆ.