ಗುತ್ಯಮ್ಮನ ಸರದಿ

ಕೈಪಿಡಿ ಬರೆಯುವ ಕೆಲಸವೆಂದರೆ ನನಗೆ ಮೊದಲಿಂದಲೂ ತಲೆನೋವು. ಬರೆದು ಮುಗಿಸುವಷ್ಟರಲ್ಲಿ ಸಾಫ್ಟ್‌ವೇರ್ ಬದಲಾಗಿರುತ್ತದೆ, ಕೈಪಿಡಿ ಹಳೆಯ ಸುಳ್ಳನ್ನೇ ಹೇಳುತ್ತಾ ಕೂತಿರುತ್ತದೆ. ಹಾಗಾಗಿ ಸಾಗರದ ನಮ್ಮ ಮೂರು ಜನರ ಕಚೇರಿಯಲ್ಲಿ ನಾನೊಂದು ಪದ್ಧತಿ ಮಾಡಿಕೊಂಡಿದ್ದೆ. ಸಾಫ್ಟ್‌ವೇರ್ ಸರಿಯಿದೆಯೇ ಎಂದು ನೋಡುವ ಪ್ರತಿ ಟೆಸ್ಟಿಗೂ ಪೂರ್ತಿ ಕನ್ನಡ ವಾಕ್ಯವನ್ನೇ ಹೆಸರಾಗಿ ಕೊಡುವುದು. ಪಾಸಾದ ಟೆಸ್ಟುಗಳ ಹೆಸರನ್ನೆಲ್ಲ ಕಂಪ್ಯೂಟರ್ ತಾನೇ ಒಟ್ಟು ಮಾಡಿ ಕೈಪಿಡಿ ಮಾಡಿಕೊಡುತ್ತಿತ್ತು. ಈ ಬಗ್ಗೆ ನನಗೆ ಜಂಬವೂ ಸ್ವಲ್ಪ ಜಾಸ್ತಿಯೇ ಇತ್ತು.

ಹೊಸನಗರದ ಕಡೆಯ ಒಂದು ಅಡಿಕೆ ಸಂಘಕ್ಕೆ ತೂಕದ ಸರದಿ ನೋಡಿಕೊಳ್ಳುವ ಸಾಫ್ಟ್‌ವೇರ್ ಬೇಕಿತ್ತು. ಅಲ್ಲಿ ಇಪ್ಪತ್ತಾರು ವರ್ಷದಿಂದ ತೂಕ ಮಾಡುತ್ತಿದ್ದವರು ವಾಸಪ್ಪ. ಯಾರ ಚೀಲ ಯಾವಾಗ ತಕ್ಕಡಿಗೆ ಏರಬೇಕೆಂಬುದೆಲ್ಲ ಅವರ ತಲೆಯಲ್ಲೇ ಇತ್ತು. ಒಂದು ವಾರ ಪಕ್ಕದಲ್ಲಿ ಕೂತು ಅವರು ಹೇಳಿದ್ದನ್ನೆಲ್ಲ ಟೆಸ್ಟಾಗಿ ಬರೆದೆ. ಅವು ಪಾಸಾಗುವಂತೆ ನಮ್ಮ ಸುನಿಲ್ ಕೋಡ್ ಬರೆದ. ಯಾಕೆ ಎಂದು ಕೇಳುವ ಅಭ್ಯಾಸ ಅವನಿಗಿಲ್ಲ.

ಕೈಪಿಡಿಯನ್ನು ಓದಿ ನೋಡದೆ ಸಂಘಕ್ಕೆ ಕಳಿಸಿಬಿಟ್ಟೆ. ಮರುದಿನ ಬೆಳಿಗ್ಗೆ ಕಾರ್ಯದರ್ಶಿ ಅನ್ನಪೂರ್ಣೇಶ್ವರಿ ಫೋನ್ ಮಾಡಿ ನಲವತ್ತೊಂದನೆಯ ನಿಯಮವನ್ನು ನಿಧಾನವಾಗಿ ಓದಿ ಹೇಳಿದರು: ‘ಗುತ್ಯಮ್ಮ ಬಂದರೆ, ಸಾಲಿನಲ್ಲಿ ಎಷ್ಟೇ ಜನರಿದ್ದರೂ ಅವರ ಚೀಲವನ್ನೇ ಮೊದಲು ತೂಗಬೇಕು.’

ಸಂಘದ ಒಬ್ಬ ಸದಸ್ಯೆಯ ಬಗ್ಗೆ ವಾಸಪ್ಪ ಮಾತಿನ ನಡುವೆ ಹೇಳಿದ್ದನ್ನು ನಾನು ಹಾಗೇ ಇಳಿಸಿದ್ದೆ. ವಾಸಪ್ಪ ಬೇಕಾದವರನ್ನು ಮುಂದೆ ಬಿಡುತ್ತಾರೆಂದು ಆಡಳಿತ ಮಂಡಳಿಯವರು ಗರಂ ಆಗಿದ್ದಾರೆ, ಇವತ್ತು ಮಧ್ಯಾಹ್ನ ಮೂರಕ್ಕೆ ನಡೆಯುವ ಸಭೆಯಲ್ಲಿ ಅವರನ್ನು ತೂಕದ ಕೆಲಸದಿಂದ ತೆಗೆಯಬಹುದು ಎಂದರು ಕಾರ್ಯದರ್ಶಿ. ಸಿಕ್ಕಿದ ಬಸ್ಸು ಹತ್ತಿ ಹೋದೆ.

ವಾಸಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗುತ್ಯಮ್ಮನ ಊರಿಗೆ ವಾಪಸ್ಸು ಹೋಗಲು ಮಧ್ಯಾಹ್ನ ಒಂದು ಗಂಟೆಗೆ ಹೊರಡುವ ಬಸ್ಸು ಬಿಟ್ಟರೆ ಬೇರೆ ಇಲ್ಲ, ಅದಕ್ಕೇ ಮುಂದೆ ಬಿಡುತ್ತಿದ್ದೆ ಎಂದಷ್ಟೇ ಹೇಳಿದರು. ನಾನು ಅಲ್ಲೇ ಕೂತು ಟೆಸ್ಟಿನ ಹೆಸರು ಬದಲಿಸಿದೆ: ‘ಊರಿಗೆ ಮರಳಲು ಒಂದೇ ಬಸ್ಸಿರುವವರ ಚೀಲವನ್ನು ಮೊದಲು ತೂಗಬೇಕು.’ ಸಂಘದ ದಾಖಲೆಯಿಂದ ಸದಸ್ಯರ ಊರುಗಳನ್ನೂ ಬಸ್ ನಿಲ್ದಾಣದ ಪಟ್ಟಿಯಿಂದ ಬಸ್ಸಿನ ವೇಳೆಯನ್ನೂ ಸೇರಿಸಿದೆ. ಸುನಿಲ್ ಸಾಗರದಿಂದಲೇ ಕೋಡ್ ತಿದ್ದಿದ. ಟೆಸ್ಟ್ ಪಾಸಾಯಿತು. ಹೊಸ ಕೈಪಿಡಿಯಲ್ಲಿ ಆ ನಿಯಮದ ಕೆಳಗೆ, ಅದು ಯಾರಿಗೆಲ್ಲ ಅನ್ವಯಿಸುತ್ತದೆಂದು ಹನ್ನೊಂದು ಹೆಸರು ಬಂದವು.

ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ನಿಯಮ ನ್ಯಾಯವಾಗಿದೆ, ವಾಸಪ್ಪನವರೇ ಮುಂದುವರಿಯಲಿ ಎಂದರು ಮಂಡಳಿಯವರು. ನಾನು ಗೆದ್ದವಳಂತೆ ಓಡಿಬಂದು ವಿಷಯ ಹೇಳಿದೆ. ವಾಸಪ್ಪ ಆ ಹನ್ನೊಂದು ಹೆಸರುಗಳ ಮೇಲೆ ಬೆರಳಿಟ್ಟು ಓದುತ್ತಿದ್ದರು.

“ಗುತ್ಯಮ್ಮ ಬಾಯಿಬಿಟ್ಟು ಹೇಳಿದ್ಲು, ತಂಗೀ. ಉಳ್ದೋರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ತೂಕ ಆದ್ಮೇಲೂ ಜಗಲಿ ಮೇಲೆ ಕೂತಿರ್ತಿದ್ರು. ಹರಟೆ ಹೊಡಿಯಕ್ಕೆ ಕೂತಾರೆ ಅಂತ ತಿಳ್ಕಂಡಿದ್ದೆ.”

ಪಟ್ಟಿಯಲ್ಲಿದ್ದ ಕನ್ನಪ್ಪ ಎಂಬ ಮುದುಕರು ಆ ಹೊತ್ತಿಗೂ ಜಗಲಿಯಲ್ಲೇ ಇದ್ದರು. ವಾಸಪ್ಪ ಹೋಗಿ ಅವರ ಪಕ್ಕ ಕೂತರು.

“ಬಸ್ಸು ತಪ್ತಾ, ಕನ್ನಪ್ಪಣ್ಣ?”

“ಯಾವಾಗ್ಲೂ ತಪ್ತದಲ್ಲ. ಬಿಸ್ಲು ಇಳೀಲಿ, ನಡ್ಕಂಡು ಹೋಗ್ತೀನಿ” ಎಂದರು ಕನ್ನಪ್ಪ.