ಮೆಕ್ಯಾನಿಕ್ ಮನೆಯ ಫ್ರಿಜ್ಜು

ಊರವರ ಫ್ರಿಜ್ಜನ್ನೆಲ್ಲ ರಿಪೇರಿ ಮಾಡುವ ಮೆಕ್ಯಾನಿಕ್‌ನ ಸ್ವಂತ ಫ್ರಿಜ್ಜು ಕೆಟ್ಟು ಕೂತು ತಿಂಗಳಾಗಿತ್ತು. ‘ನಾಳೆ ನೋಡ್ತೀನಿ’ ಎನ್ನುತ್ತಲೇ ಅವನು ದಿನ ದೂಡಿದ. ಹಾಲು ಒಡೆಯುತ್ತಿತ್ತು, ಮನೆಯಲ್ಲಿ ಮಂಜುಗಟ್ಟಿದ್ದು ಹೆಂಡತಿಯ ಮುಖ ಮಾತ್ರ. ಅವಳು ಮಾತೇ ಬಿಟ್ಟಿದ್ದಳು.

ಇವತ್ತು ಅವಳು ಅಂಗಡಿಗೇ ಫೋನ್ ಮಾಡಿ, ಗುರುತಿಲ್ಲದವಳಂತೆ ಫ್ರಿಜ್ಜಿನ ದೂರು ಹೇಳಿ, ವಿಳಾಸವನ್ನೂ ಕೊಟ್ಟಳು. ಗಿರಾಕಿ ಕರೆದರೆ ಎದ್ದುಬಿದ್ದು ಓಡುವ ಜೀವ ಅದು. ಟೂಲ್ ಬ್ಯಾಗ್ ಹೊತ್ತು ಹೋಗಿ ತನ್ನದೇ ಮನೆಯ ಬೆಲ್ ಒತ್ತಿದ.

“ಬನ್ನಿ, ಅಡುಗೆಮನೆ ಆ ಕಡೆ,” ಎಂದಳು.

ಸ್ವಲ್ಪ ಹೊತ್ತಿಗೆ ಫ್ರಿಜ್ಜು ಗುರ್ ಎಂದಿತು. ಅವನು ಬೆವರೊರೆಸಿಕೊಂಡು, “ಒಂದ್ಲೋಟ ಟೀ ಸಿಗುತ್ತಾ?” ಎಂದು ಕೇಳಿದ.

“ಹಾಲು ನಮ್ಮನೆಯವರಿಗೆ ಅಂತ ಇಟ್ಟಿದ್ದೀನಿ. ನೀವಿನ್ನು ಹೊರಡಿ, ಅವರು ಬರೋ ಹೊತ್ತಾಯ್ತು.”