ನೀಲಿ ಕೋಟಿನ ಹೆಂಗಸು

ನನ್ನ ಗಂಡ ಕಟ್ಟಡಗಳಿಗೆ ಬಣ್ಣ ಹೊಡೆಯುವ ಕೆಲಸದವರು. ಎರಡನೇ ಮಹಡಿಯ ಎತ್ತರದಿಂದ ಬಿದ್ದು ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ಮಾತೂ ಉಳಿಯಿತು. ತಮ್ಮ ಅಮ್ಮನ ಗುರುತು ಸಿಗುತ್ತದೆ, ನನ್ನ ತಮ್ಮನ ಗುರುತು ಸಿಗುತ್ತದೆ, ಎದುರುಮನೆಯ ಕುಂಟು ನಾಯಿಯ ಗುರುತು ಕೂಡ ಸಿಗುತ್ತದೆ. ನನ್ನದೊಂದು ಸಿಗುವುದಿಲ್ಲ.

"ನೋಡೋಕೆ ನನ್ನ ಹೆಂಡ್ತಿ ಥರಾನೇ ಇದಾಳೆ. ಆದ್ರೆ ಇವಳು ಅವಳಲ್ಲಮ್ಮ," ಎಂದು ಆಸ್ಪತ್ರೆಯಿಂದ ಬಂದ ದಿನವೇ ಅತ್ತೆಯ ಕಿವಿಯಲ್ಲಿ ಹೇಳಿದರು. ನಾನು ಅಲ್ಲೇ ನಿಂತಿದ್ದೆ. ಮಿದುಳಿಗೆ ಪೆಟ್ಟಾದರೆ ಕೆಲವರಿಗೆ ಹೀಗೂ ಆಗುತ್ತದೆ, ತೀರ ಹತ್ತಿರದವರೇ ಬೇರೆಯವರಂತೆ ಕಾಣುತ್ತಾರೆ ಎಂದರು ಡಾಕ್ಟರು. ಹತ್ತಿರದವಳಾದ ತಪ್ಪಿಗೆ ಈ ಶಿಕ್ಷೆ. ಮದುವೆಯ ಫೋಟೊ ತೋರಿಸಿದೆ, ಬೈದೆ, ಗೋಗರೆದೆ. ಹತ್ತಿರ ಹೋದಷ್ಟೂ ಅವರ ಕತ್ತು ಕೊರಡಿನಂತೆ ಬಿಗಿಯುತ್ತಿತ್ತು. ತಲೆನೋವು ತಡೆಯಲಾರದೆ ಗೋಡೆಗೆ ಹಣೆ ಒತ್ತಿ ನಿಲ್ಲುತ್ತಿದ್ದರು.

ಮಾತ್ರೆಯ ಜೊತೆಗೆ ಕೈಚಿಕಿತ್ಸೆಯೂ ಇರಲಿ ಎಂದು ಡಾಕ್ಟರೇ ಫಿಸಿಯೊ ಮೇಡಂ ಹತ್ತಿರ ಕಳಿಸಿದರು. ಮೇಡಂ ಕಡ್ಡಿ ಮುರಿದ ಹಾಗೆ ಮಾತಾಡುವವರು.

"ನನ್ನ ಕೈ ಮಿದುಳನ್ನ ಸರಿ ಮಾಡಲ್ಲಮ್ಮ. ಬಿದ್ದಾಗ ಕತ್ತಿಗೂ ಏಟಾಗಿದೆ. ಅದು ಸಡಿಲ ಆದ್ರೆ ತಲೆನೋವು ಇಳೀಬಹುದು, ನಿದ್ದೆ ಬರಬಹುದು. ಅಷ್ಟೇ. ಜಾಸ್ತಿ ಆಸೆ ಇಟ್ಕೋಬೇಡಿ."

ಆಸೆಯೇನು ಅವರಪ್ಪನ ಮನೆಯ ಗಂಟೇ? ನಾನು ಇಟ್ಟುಕೊಂಡೆ.

ಮೇಡಂ ಕೈಯಲ್ಲಿ ಇವರು ಮಗುವಿನಂತೆ ಮಲಗಿದರು. ನನ್ನ ನೆರಳನ್ನೂ ಸೋಕಿಸಿಕೊಳ್ಳದ ಮನುಷ್ಯ! ಹೊಟ್ಟೆ ಉರಿಯಿತು. ಮನೆಯಲ್ಲೂ ಯಾರಾದರೂ ಇದನ್ನು ದಿನಾ ಮಾಡಬೇಕಿತ್ತು. ಅತ್ತೆಗೆ ಕೈ ನಡುಗುತ್ತದೆ. "ನನಗೆ ಕಲಿಸಿ," ಎಂದೆ.

ಬೇಕರಿಯಲ್ಲಿ ಹಿಟ್ಟು ನಾದುವ ಕೈ ನನ್ನದು. ಮೇಡಂ ತಮ್ಮ ತಲೆಯನ್ನೇ ಕೊಟ್ಟು ಕಲಿಸಿದರು.

"ನಾದಬೇಡ್ರೀ, ಇದು ಬನ್ ಅಲ್ಲ. ಬುರುಡೆ ಕತ್ತಿಗೆ ಸೇರೋ ಕಡೆ ಬೆರಳಿಟ್ಟು ಸುಮ್ಮನೆ ಕಾಯಿರಿ. ತಲೆ ತಾನಾಗೇ ಭಾರ ಬಿಡುತ್ತೆ."

ಸುಮ್ಮನಿರುವುದು ನನ್ನ ಹಣೆಯಲ್ಲೇ ಬರೆದಿಲ್ಲ. ಹೇಗೋ ಕಲಿತೆ. ನಾನೆಂದು ಇವರಿಗೆ ಗೊತ್ತಾಗದಂತೆ ಮೇಡಂ ಕೋಟು, ಮಾಸ್ಕು ಹಾಕಿಕೊಳ್ಳುವ ಉಪಾಯವೂ ನನ್ನದೇ. ಸುಳ್ಳು ಹೇಳಲು ಮೇಡಂ ಒಪ್ಪಲಿಲ್ಲ. "ನನ್ನ ಹತ್ರ ಕಲೀತಿರೋರು ಒಬ್ಬರಿದಾರೆ. ಇವತ್ತು ಅವರು ಮಾಡಲಾ?" ಎಂದಷ್ಟೇ ಇವರನ್ನು ಕೇಳಿದರು.

"ಮಾಡ್ಲಿ," ಎಂದರು ಇವರು.

ಅಂಗಾತ ಮಲಗಿದ್ದರು, ಕಣ್ಣಿನ ಮೇಲೆ ಮಡಿಸಿದ ಟವೆಲು. ಮೇಡಂ ಅವರ ನೀಲಿ ಕೋಟಿನಲ್ಲಿ ನಾನು ತಲೆಯ ಬಳಿ ಸ್ಟೂಲಿನ ಮೇಲೆ ಕೂತು ಎರಡೂ ಕೈ ತಲೆಯಡಿ ಸೇರಿಸಿದೆ. ಆಸ್ಪತ್ರೆಯಿಂದ ಬಂದ ಮೇಲೆ ಅವರನ್ನು ಮುಟ್ಟಿದ್ದು ಅದೇ ಮೊದಲು. ಹೊಲಿಗೆ ಹಾಕಿದ ಕಡೆ ಕೂದಲು ಮೋಟಾಗಿ ಬೆಳೆದು ಚುಚ್ಚುತ್ತಿತ್ತು. ಕಾದೆ. ನಿಧಾನವಾಗಿ ಇಡೀ ತಲೆಯ ಭಾರ ನನ್ನ ಅಂಗೈಗೆ ಇಳಿಯಿತು. ಕಣ್ಣಿಗೆ ಗೊತ್ತಾಗದ್ದು ಚರ್ಮಕ್ಕೆ ಗೊತ್ತಾಗುತ್ತದೆ, ಈಗ ಗುರುತು ಹಿಡಿಯುತ್ತಾರೆ ಎಂದುಕೊಂಡೆ.

"ನಿಮ್ಮ ಕೈ ಚೆನ್ನಾಗಿದೆ," ಎಂದರು. "ನೋವು ಇಳೀತಿದೆ. ಒಂದು ಮಾತು ಹೇಳ್ಲಾ? ಯಾರಿಗೂ ಹೇಳ್ಬೇಡಿ. ನಮ್ಮನೇಲಿ ಒಬ್ಬಳಿದಾಳೆ. ನನ್ನ ಹೆಂಡ್ತಿ ಬಟ್ಟೇನೇ ಹಾಕ್ಕೋತಾಳೆ, ಅವಳ ಹಾಗೇ ಬೈತಾಳೆ. ಪಾಪ, ಕೆಟ್ಟವಳಲ್ಲ. ಆದ್ರೆ ಅವಳನ್ನ ಹತ್ರ ಸೇರಿಸಿಬಿಟ್ರೆ, ನಾಳೆ ನನ್ನೋಳು ವಾಪಸ್ ಬಂದಾಗ ಏನಂದ್ಕೋತಾಳೆ? ಅದಕ್ಕೇ ದೂರ ಇಟ್ಟಿದೀನಿ."

ಮೇಡಂ ಕಿಟಕಿಯ ಕಡೆ ತಿರುಗಿ ನಿಂತರು.

"ಅವಳು ಎಲ್ಲಾದ್ರೂ ಸಿಕ್ಕಿದ್ರೆ ಹೇಳಿ, ನಾನು ಕಾಯ್ತಿದೀನಿ ಅಂತ. ಬಾಯಿ ಜೋರು ಅವಳಿಗೆ. ನೀವು ಹೆದರ್ಕೋಬೇಡಿ."

'ರೀ, ನಾನೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಡಿದ್ದರೆ ಆ ಕತ್ತು ಮತ್ತೆ ಕೊರಡಾಗುತ್ತಿತ್ತು.

"ಹೇಳ್ತೀನಿ," ಎಂದೆ. ಮಾಸ್ಕಿನೊಳಗಿಂದ ನನ್ನ ದನಿ ನನಗೇ ಯಾರದೋ ಎನಿಸಿತು.

ಇವರು ಹಾಗೇ ನಿದ್ದೆ ಹೋದರು. ನಾನು ಅತ್ತದ್ದು ಮೇಡಂಗೆ ಮಾತ್ರ ಗೊತ್ತು.

ಆಮೇಲೆ ಕೋಟು ಬಿಚ್ಚಿಟ್ಟು, ಮುಖ ತೊಳೆದು ಹೊರಗೆ ಬಂದೆ. ಇವರು ತಾಯಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದರು, ನಿದ್ದೆಯಿಂದೆದ್ದ ಮುಖ ತಿಳಿಯಾಗಿತ್ತು. ನನ್ನನ್ನು ಕಂಡೊಡನೆ ಮುಖ ಆಚೆಗೆ ತಿರುಗಿಸಿಕೊಂಡರು. ಕತ್ತು ಎಷ್ಟು ಸಲೀಸಾಗಿ ತಿರುಗಿತು.